ಒಡೆಯುವ ಮುನ್ನ ಮರ ಬಿಚ್ಚಿಸಿ

ಬೆಂಗಳೂರಿನ ಜಯನಗರದ ಯಾವ ಕ್ರಾಸಿಗೆ ಹೊಕ್ಕರೂ ಒಂದಾದರೂ ಮನೆ ಹಸಿರು ಬಲೆ ಹೊದ್ದು ನಿಂತಿರುತ್ತದೆ. ಮೊನ್ನೆಯವರೆಗೆ ಅಲ್ಲಿ ಒಂದಂತಸ್ತಿನ ಮನೆ, ರೆಡ್‌ ಆಕ್ಸೈಡ್‌ ನೆಲ, ಕಾಂಪೌಂಡಿನೊಳಗೊಂದು ತೆಂಗಿನ ಮರ ಇದ್ದವು. ಇನ್ನೊಂದು ವರ್ಷಕ್ಕೆ ಅದೇ ಜಾಗದಲ್ಲಿ ಪಾರ್ಕಿಂಗ್‌, ಅದರ ಮೇಲೆ ನಾಲ್ಕು ಮಹಡಿ. 1948ರಲ್ಲಿ ರಾಜಾಜಿಯವರು ಅಡಿಗಲ್ಲು ಹಾಕಿದ ಈ ಬಡಾವಣೆಯಲ್ಲಿ ಮೊದಲ ತಲೆಮಾರಿನವರು ಕಟ್ಟಿಸಿದ ಮನೆಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿವೆ. ಬನಶಂಕರಿ ಎರಡನೇ ಹಂತ, ಜೆ.ಪಿ. ನಗರದ ಹಳೆಯ ಫೇಸುಗಳಲ್ಲೂ ಇದೇ ಕಥೆ. ಸೂರು ಸೋರುತ್ತಿರಬಹುದು, ಪ್ಲಂಬಿಂಗ್‌ ಹಾಳಾಗಿರಬಹುದು, ಮಕ್ಕಳಿಗೆ ಪಾಲು ಬೇಕಾಗಿರಬಹುದು. ಒಡೆಯಲು ಕಾರಣ ಏನೇ ಇರಲಿ, ಆ ಗೋಡೆಗಳಲ್ಲಿ ಕೂತಿರುವ ತೇಗ, ಹೊನ್ನೆ, ಮತ್ತಿ ಮರಗಳಿಗೆ ಇನ್ನೂ ವಯಸ್ಸಾಗಿಲ್ಲ.

ಮನೆ ಕಟ್ಟುವವರು ಇತ್ತೀಚೆಗೆ ಕೇಳುವ ಪ್ರಶ್ನೆ ಒಂದಿದೆ: ಪರಿಸರದ ದೃಷ್ಟಿಯಿಂದ ಮರ ಬಳಸಬಹುದೇ, ಬಾರದೇ? ಮೂವತ್ತು ವರ್ಷಗಳ ಹಿಂದೆ ಇದಕ್ಕೆ ಸರ್ಕಾರವೇ ‘ಬಾರದು’ ಎಂದು ಉತ್ತರ ಕೊಟ್ಟಿತ್ತು. ಕಾಡು ಉಳಿಸುವ ಸಲುವಾಗಿ ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಹೊಸ ಕಟ್ಟಡಗಳಲ್ಲಿ ಮರ ನಿಷೇಧಿಸಿತು. ಅಂದಿನಿಂದ ಸರ್ಕಾರಿ ಕಟ್ಟಡಗಳಿಗೆ ಉಕ್ಕು, ಅಲ್ಯುಮಿನಿಯಂ, ಪ್ಲಾಸ್ಟಿಕ್ಕಿನ ಚೌಕಟ್ಟುಗಳು ಬಂದವು. ಈ ನಿಷೇಧ ತೆರವಾದದ್ದು 2020ರಲ್ಲಿ. ಅಷ್ಟು ಹೊತ್ತಿಗೆ ಲೆಕ್ಕವೇ ಬದಲಾಗಿತ್ತು. ಸಿಮೆಂಟು, ಉಕ್ಕು, ಅಲ್ಯುಮಿನಿಯಂ ಎಲ್ಲವೂ ಕುಲುಮೆಯಿಂದ ಬರುವಂಥವು. ಮರ ಬಿಸಿಲಿನಿಂದ ಬೆಳೆಯುವಂಥದ್ದು. ರೈತನ ಜಮೀನಿನಲ್ಲಿ ಬೆಳೆದ ಮರಕ್ಕೆ ಬೆಲೆ ಬಂದರೆ ಆತ ಇನ್ನಷ್ಟು ಗಿಡ ನೆಡುತ್ತಾನೆ ಎಂಬ ವಾದವೂ ಸೇರಿಕೊಂಡಿತು.

ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದೆಲ್ಲ ಗಾಳಿಯಿಂದ ಹೀರಿದ್ದು. ಮರ ಮರವಾಗಿರುವಷ್ಟು ಕಾಲ ಅದು ಅಲ್ಲೇ ಇರುತ್ತದೆ. ಸುಟ್ಟರೆ ಅಥವಾ ಕೊಳೆತರೆ ವಾಪಸ್ಸು ಗಾಳಿಗೆ. ಹಾಗಾಗಿ ನನ್ನ ಮಟ್ಟಿಗೆ ಪ್ರಶ್ನೆ ಇರುವುದು ಮರ ಎಷ್ಟು ವರ್ಷ ಬಾಳುತ್ತದೆ ಎಂಬುದರಲ್ಲಿ. ಅರವತ್ತು ವರ್ಷ ಬೆಳೆದ ತೇಗವನ್ನು ಕಿಟಕಿಗೆ ಹಾಕಿ ಹದಿನೈದು ವರ್ಷಕ್ಕೆ ಗೆದ್ದಲಿಗೆ ಕೊಟ್ಟರೆ ಆ ಮರ ಯಾವ ಅರ್ಥದಲ್ಲೂ ‘ಹಸಿರು’ ಅಲ್ಲ. ಬೆಳೆದಷ್ಟು ಕಾಲವಾದರೂ ಅದು ಮನೆಯಲ್ಲಿ ದುಡಿಯಬೇಕು.

ಒಂದು ಮಾದರಿ ಲೆಕ್ಕ ನೋಡಿ. 40×60 ನಿವೇಶನದ ಹಳೆಯ ಮನೆ. ಒಂದು ಮುಂಬಾಗಿಲು, ಐದು ಒಳಬಾಗಿಲು, ಆರು ಕಿಟಕಿ ಎಂದುಕೊಳ್ಳೋಣ. ಮುಂಬಾಗಿಲಿನ ಚೌಕಟ್ಟು ಐದಿಂಚು–ನಾಲ್ಕಿಂಚಿನದು, ಏಳಡಿ ಎತ್ತರ, ನಾಲ್ಕಡಿ ಅಗಲ, ಹೊಸ್ತಿಲೂ ಸೇರಿ 22 ಅಡಿ ಉದ್ದ. ಅಂದರೆ ಮೂರು ಸಿಎಫ್‌ಟಿಗೆ (ಘನ ಅಡಿ) ತುಸು ಮೇಲೆ. ನಾಲ್ಕಿಂಚು–ಮೂರಿಂಚಿನ ಒಳಬಾಗಿಲು ಒಂದಕ್ಕೆ ಸುಮಾರು 1.4, ನಾಲ್ಕಡಿ ಚೌಕದ ಕಿಟಕಿ ಒಂದಕ್ಕೆ ಸುಮಾರು 1.7. ಎಲ್ಲ ಕೂಡಿದರೆ ಚೌಕಟ್ಟುಗಳೇ 20 ಸಿಎಫ್‌ಟಿ ದಾಟುತ್ತವೆ. ಬಾಗಿಲಿನ ಹಲಗೆಗಳು ಬೇರೆ. ತೇಗವಾದರೆ ಸುಮಾರು 370 ಕೆ.ಜಿ. ಮರ. ಅದರೊಳಗೆ ಕೂತಿರುವ ಇಂಗಾಲ ಸುಮಾರು 600 ಕೆ.ಜಿ. ಇಂಗಾಲದ ಡೈ ಆಕ್ಸೈಡಿಗೆ ಸಮ. ಮನೆ ಒಡೆಸುವವರು ಇದನ್ನು ‘ಹಳೇ ಸಾಮಾನು’ ಎನ್ನುವ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಒಡೆಯುವ ಗುತ್ತಿಗೆದಾರರಿಗೆ ಮಾತ್ರ ಅದರ ಬೆಲೆ ಚೆನ್ನಾಗಿ ಗೊತ್ತು. ಅವರು ಮನೆಯೊಳಗೆ ಬಂದವರೇ ಮೊದಲು ನೋಡುವುದು ಬಾಗಿಲು ಕಿಟಕಿ. ಬಣ್ಣದ ಮೂಲೆ ಕೆರೆದು ನೋಡುತ್ತಾರೆ, ಕದದ ತೂಕ ಎತ್ತಿ ನೋಡುತ್ತಾರೆ. ಮರ, ಕಬ್ಬಿಣ ತಾವೇ ತೆಗೆದುಕೊಳ್ಳುವ ಷರತ್ತಿನ ಮೇಲೆ ರೇಟು ಹೇಳುತ್ತಾರೆ. ಇದರಲ್ಲಿ ಮೋಸವೇನಿಲ್ಲ, ಅವರ ವ್ಯಾಪಾರವೇ ಅದು. ಮರ ನಿಮಗೆ ಬೇಕು ಎನ್ನುವುದಾದರೆ ಎರಡು ರೇಟು ಕೇಳಿ: ಮರ ಸೇರಿಸಿ ಎಷ್ಟು, ಮರ ಬಿಟ್ಟು ಎಷ್ಟು. ಆ ವ್ಯತ್ಯಾಸವೇ ನಿಮ್ಮ ಮರಕ್ಕೆ ಅವರು ಕಟ್ಟಿರುವ ಬೆಲೆ. ಅಷ್ಟೇ ಸಿಎಫ್‌ಟಿ ಹೊಸ ತೇಗಕ್ಕೆ ಮೈಸೂರು ರಸ್ತೆಯ ಟಿಂಬರ್‌ ಯಾರ್ಡಿನಲ್ಲಿ ಎಷ್ಟಾಗುತ್ತದೆ ಎಂದು ವಿಚಾರಿಸಿ ಹೋಲಿಸಿದರೆ ಮುಂದಿನ ನಿರ್ಧಾರ ಸುಲಭ.

ಮೊದಲು ಪಟ್ಟಿ, ಆಮೇಲೆ ನಕ್ಷೆ

ಹಳೆ ಮರ ಉಳಿಸಿಕೊಳ್ಳಬೇಕು ಎಂದು ಆಸೆಪಟ್ಟವರೂ ಸೋಲುವುದು ಇಲ್ಲಿ. ಆರ್ಕಿಟೆಕ್ಟ್‌ ನಕ್ಷೆ ಮುಗಿಸಿ, ಪ್ಲಾನ್‌ ಮಂಜೂರಾಗಿ, ಪಾಯ ತೋಡಿದ ಮೇಲೆ ‘ನಮ್ಮ ಹಳೆ ಕಿಟಕಿ ಎಲ್ಲಾದರೂ ಹಾಕಿ’ ಎಂದರೆ ಯಾವ ಕಿಟಕಿಯೂ ಯಾವ ಕಿಂಡಿಗೂ ಕೂರುವುದಿಲ್ಲ. ಅಂದಿನ ಒಳಬಾಗಿಲು ಆರೂವರೆ ಅಡಿ, ಇಂದಿನದು ಏಳಡಿ. ಮೊದಲೇ ಹೇಳಿದ್ದರೆ ಆರೂವರೆ ಅಡಿಯ ಬಾಗಿಲಿನ ಮೇಲೆ ಅರ್ಧ ಅಡಿಯ ಗಾಜಿನ ಗವಾಕ್ಷಿ ಕೊಟ್ಟು ಸರಿದೂಗಿಸಬಹುದಿತ್ತು. ಒಳಕೋಣೆಗೆ ಬೆಳಕೂ ಸಿಗುತ್ತಿತ್ತು.

ಆದ್ದರಿಂದ ಪೆನ್ಸಿಲ್‌ ಹಿಡಿಯುವ ಮೊದಲು ಟೇಪ್‌ ಹಿಡಿಯಿರಿ. ಪ್ರತಿ ಚೌಕಟ್ಟಿನ ಎತ್ತರ, ಅಗಲ, ದಪ್ಪ ಬರೆದು, ಒಂದೊಂದಕ್ಕೂ ಒಂದು ನಂಬರ್‌ ಕೊಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಒಂದು ಚೂಪು ಸ್ಕ್ರೂಡ್ರೈವರಿನಿಂದ ಚೌಕಟ್ಟಿನ ಕೆಳಗಿನ ಒಂದಡಿ ಭಾಗವನ್ನು ಚುಚ್ಚಿ ನೋಡಿ. ಹಾಳಾಗುವುದಿದ್ದರೆ ಅಲ್ಲೇ ಮೊದಲು. ಮೊನೆ ಸಲೀಸಾಗಿ ಇಳಿದರೆ, ಬಡಿದಾಗ ಟೊಳ್ಳು ಸದ್ದು ಬಂದರೆ, ಮಣ್ಣಿನ ಗೆರೆಗಳು ಕಂಡರೆ ಗೆದ್ದಲು ಹೊಕ್ಕಿದೆ. ಹಾಗೆಂದು ಇಡೀ ಚೌಕಟ್ಟು ಬಿಸಾಡಬೇಕಿಲ್ಲ. ಕೆಳಗಿನ ಒಂದಡಿ ಕತ್ತರಿಸಿ ತೆಗೆದರೆ ಬಾಗಿಲಿನ ನಿಲುವು ಕಿಟಕಿಯ ನಿಲುವಾಗುತ್ತದೆ. ಬಸವನಗುಡಿ, ಚಾಮರಾಜಪೇಟೆಯ ಕಡೆ ಮದ್ರಾಸ್‌ ತಾರಸಿಯ (ಮರದ ತೊಲೆಗಳ ಸೂರಿನ) ಮನೆ ಇದ್ದವರಿಗೆ ಸೂರಿನ ತೊಲೆಗಳೂ ಸಿಗುತ್ತವೆ. ಇಂದು ಅಷ್ಟು ಉದ್ದದ ಗಟ್ಟಿ ಮರವನ್ನು ಕೊಳ್ಳಲು ಹೊರಟರೆ ಬೆಲೆ ಕೇಳಿಯೇ ಹಿಂದಿರುಗಬೇಕಾದೀತು. ಮೆಟ್ಟಿಲ ಹಲಗೆ, ಊಟದ ಮೇಜು, ದೇವರ ಮನೆಯ ಬಾಗಿಲು, ಎಲ್ಲವೂ ಆ ತೊಲೆಯಲ್ಲಿ ಅಡಗಿವೆ.

ಬಿಚ್ಚುವ ಕೆಲಸಕ್ಕೆ ಬಡಗಿಯನ್ನು ಕರೆಸಿ, ಒಡೆಯುವವರಿಗೆ ಬಿಡಬೇಡಿ. ಅವರ ಸಲಾಕೆ ಒಂದು ಏಟಿಗೆ ಚೌಕಟ್ಟನ್ನೂ ಸೀಳುತ್ತದೆ. ಮೊದಲು ಕದ ಬಿಚ್ಚಿಸಿ, ಹಿತ್ತಾಳೆಯ ಕೀಲು ಚಿಲಕ ಇದ್ದರೆ ಬೇರೆ ಡಬ್ಬಿಗೆ ಹಾಕಿಸಿ. ಚೌಕಟ್ಟಿನ ಸುತ್ತ ಗಾರೆ ಕೆತ್ತಿಸಿ, ಗೋಡೆಗೆ ಹಿಡಿದಿರುವ ಹೋಲ್ಡ್‌ಫಾಸ್ಟ್‌ ಕತ್ತರಿಸಿ ಇಡಿಯಾಗಿ ಹೊರತೆಗೆಸಿ. ಡಿಸೆಂಬರಿನಿಂದ ಮಾರ್ಚಿನೊಳಗೆ ಈ ಕೆಲಸ ಆಗುವುದು ಒಳ್ಳೆಯದು, ಏಕೆಂದರೆ ತೆಗೆದ ಮರ ತಿಂಗಳುಗಟ್ಟಲೆ ಹೊರಗಿರಬೇಕಾಗುತ್ತದೆ. ಇಟ್ಟಿಗೆಯ ಮೇಲೆ, ಪ್ರತಿ ಸಾಲಿನ ನಡುವೆ ರೀಪಿನ ತುಂಡು ಕೊಟ್ಟು, ಗಾಳಿಯಾಡುವಂತೆ ಪೇರಿಸಿ ಮೇಲೆ ಮಾತ್ರ ಟಾರ್ಪಾಲು ಹೊದಿಸಿ. ಸುತ್ತಲೂ ಬಿಗಿದು ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. 30×40 ನಿವೇಶನದಲ್ಲಿ ಇದಕ್ಕೆಲ್ಲ ಜಾಗ ಎಲ್ಲಿ ಎಂಬ ಪ್ರಶ್ನೆ ನ್ಯಾಯವೇ. ನೆಂಟರ ಕಾರ್‌ ಶೆಡ್ಡಿಗೆ ಹೊಂಚು ಹಾಕುವುದೊಂದೇ ದಾರಿ.

ಹಳೆಯ ಬಣ್ಣದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಎನಾಮೆಲ್‌ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಹಸಿರು, ಕೆಂಪು ಬಣ್ಣಗಳಲ್ಲಿ, ಸೀಸ ಧಾರಾಳವಾಗಿರುವ ಸಾಧ್ಯತೆಯಿದೆ. ಐವತ್ತು ವರ್ಷದ ಕಿಟಕಿಯ ಮೇಲೆ ಹತ್ತು ಪದರ ಬಣ್ಣವಿರುತ್ತದೆ. ಅದನ್ನು ಮಷಿನ್ನಿನಿಂದ ಒಣಗಿದ್ದಾಗಲೇ ಉಜ್ಜಿದರೆ ಆ ಧೂಳು ಬಡಗಿಯ ಶ್ವಾಸಕ್ಕೂ ನೆರೆಮನೆಯ ಮಗುವಿನ ಕೈಗೂ ಹೋಗುತ್ತದೆ. ಬಣ್ಣ ಸಡಿಲಿಸುವ ರಿಮೂವರ್‌ ಹಚ್ಚಿ ಕೆರೆಯಿಸಿ, ಉಳಿದದ್ದನ್ನು ನೀರು ಹಾಕಿ ಉಜ್ಜಿಸಿ, ಕೆಳಗೆ ಪ್ಲಾಸ್ಟಿಕ್‌ ಹಾಸಿ ಹೆರೆದದ್ದನ್ನೆಲ್ಲ ಒಟ್ಟು ಮಾಡಿಸಿ. ಮಾಸ್ಕ್‌ ತಂದುಕೊಡುವುದು ಮನೆಯವರ ಜವಾಬ್ದಾರಿ. ಬಡಗಿ ಕೇಳುವುದಿಲ್ಲ, ಆದರೂ ಕೊಡಿ. ಹಳೆ ಬಣ್ಣ ಉಳಿದಿರುವ ತುಂಡು ಮರವನ್ನು ಸ್ನಾನದ ಒಲೆಗೆ ಹಾಕಬೇಡಿ.

ಹಳೆ ಮರದ ಕೆಲಸ ಬಡಗಿಗಳಿಗೆ ಅಷ್ಟು ಇಷ್ಟವಿಲ್ಲ. ಒಳಗೆ ಮುರಿದು ಕೂತ ಮೊಳೆಯೊಂದು ಸಿಕ್ಕರೆ ರಂದಾದ ಬ್ಲೇಡು ಹಾಳು. ಚದರ ಅಡಿ ಲೆಕ್ಕದ ಗುತ್ತಿಗೆ ಕೊಟ್ಟರೆ ಅವಸರದಲ್ಲಿ ಅರ್ಧ ಮರ ಸೀಳಿ ಎಸೆಯುತ್ತಾರೆ, ಅವರ ತಪ್ಪಲ್ಲ. ಹಳೆ ಮರಕ್ಕೆ ದಿನಗೂಲಿಯೇ ಸರಿ. ಮೊಳೆ ಹುಡುಕಲು ಸಣ್ಣದೊಂದು ಮೆಟಲ್‌ ಡಿಟೆಕ್ಟರ್‌ ತಂದುಕೊಟ್ಟರೆ ಅದರ ಹಣ ಬ್ಲೇಡಿನಲ್ಲೇ ಉಳಿಯುತ್ತದೆ.

ಹೊಸ ಮರ ಕೊಳ್ಳುವಾಗ

ಒಡೆಯಲು ಹಳೆ ಮನೆಯೇ ಇಲ್ಲದವರು, ಹಳೆಯದು ಸಾಲದವರು ಅಂಗಡಿಗೆ ಹೋಗಲೇಬೇಕು. ಅಲ್ಲಿ ಕೇಳಿಬರುವ ಹೆಸರುಗಳು ಬರ್ಮಾ ಟೀಕ್‌, ದಾಂಡೇಲಿ ಟೀಕ್‌, ಘಾನಾ ಟೀಕ್‌, ಮಲೇಷಿಯನ್‌ ಸಾಲ್‌. ಮ್ಯಾನ್ಮಾರ್‌ 2014ರ ಏಪ್ರಿಲಿನಿಂದ ದಿಮ್ಮಿಗಳ ರಫ್ತು ನಿಲ್ಲಿಸಿದೆ. ಹಾಗಾಗಿ ‘ಬರ್ಮಾ’ ಎಂದೊಡನೆ ನಂಬಿಬಿಡಬೇಡಿ. ಆಫ್ರಿಕದಿಂದ ಬರುವುದು ಹೆಚ್ಚಾಗಿ ಬೇಗ ಬೆಳೆಸಿ ಎಳೆಯದಾಗಿಯೇ ಕಡಿದ ನೆಡುತೋಪಿನ ತೇಗ. ಮರ ಕೆಟ್ಟದ್ದೆಂದಲ್ಲ, ಆದರೆ ಅದರಲ್ಲಿ ಹೊರಗಿನ ಬಿಳಿ ಭಾಗ ಜಾಸ್ತಿ, ಒಳಗಿನ ಚೇಗು ಕಡಿಮೆ. ಗೆದ್ದಲನ್ನೂ ನೀರನ್ನೂ ತಡೆಯುವ ಶಕ್ತಿ ಇರುವುದು ಚೇಗಿನಲ್ಲಿ. ತೇಗ ಎಂಬ ಹೆಸರಿಗೆ ದುಡ್ಡು ಕೊಟ್ಟು ಬಿಳಿ ಮರ ಮನೆಗೆ ತರುವುದಕ್ಕಿಂತ ಗಟ್ಟಿ ಚೇಗಿನ ಹೊನ್ನೆಯೋ ಹಲಸೋ ಎಷ್ಟೋ ಮೇಲು.

ನಮ್ಮ ಕಡೆಯ ಮರಗಳಿಗೆ ಒಂದೊಂದು ಗುಣ. ಹೊನ್ನೆ ಬಾಳಿಕೆಯದು, ಆದರೆ ನೀರು ಕುಡಿದರೆ ಹಳದಿ ಬಣ್ಣ ಬಿಟ್ಟು ಸುಣ್ಣದ ಗೋಡೆಗೆ ಕಲೆ ಮಾಡುತ್ತದೆ. ಸಕ್ಕರೆ ಕಾಯಿಲೆಗೆಂದು ಹೊನ್ನೆಯ ಲೋಟದಲ್ಲಿ ನೀರಿಟ್ಟು ಕುಡಿಯುವವರು ಈ ಬಣ್ಣ ನೋಡಿಯೇ ಇರುತ್ತಾರೆ. ಮತ್ತಿ ಭಾರ, ಗಟ್ಟಿ, ಆದರೆ ಸರಿಯಾಗಿ ಒಣಗಿಸದಿದ್ದರೆ ಸೀಳುತ್ತದೆ, ತಿರುಚುತ್ತದೆ. ಹಲಸನ್ನು ಗೆದ್ದಲು ಅಷ್ಟು ಬೇಗ ಮುಟ್ಟದು. ಮೊದಲು ಹಳದಿ, ವರ್ಷಗಳು ಕಳೆದಂತೆ ಜೇನುಬಣ್ಣ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್‌ ಓಕ್‌ ಮನೆಯೊಳಗಿನ ಕಪಾಟು, ಮಂಚಕ್ಕೆ ಚೆನ್ನ, ಹೊರಗಿನ ಮಳೆಗೆ ಆಗದು. ಬೀಟೆಯ ಆಸೆ ಬಿಡಿ. ಕಾಡಿಗೆ ಕೈ ಹಾಕದೆ ಮರ ಬಳಸಬೇಕು ಎನ್ನುವವರಿಗೆ ತೋಟದ ಹಲಸು, ಸಿಲ್ವರ್‌ ಓಕ್‌, ಹೆಬ್ಬೇವಿನ ಪ್ಲೈವುಡ್‌, ಇವು ಸರಿಯಾದ ಆಯ್ಕೆ.

ಕಾಡಿನ ತೇಗವೇ ಬೇಕೆಂದರೆ ಅದಕ್ಕೂ ನೇರ ದಾರಿ ಇದೆ. ಅರಣ್ಯ ಇಲಾಖೆ ದಾಂಡೇಲಿ, ಕಿರವತ್ತಿಯಂಥ ಡಿಪೋಗಳಲ್ಲಿ ದಿಮ್ಮಿಗಳನ್ನು ಹರಾಜು ಹಾಕುತ್ತದೆ. ಆ ದಿಮ್ಮಿಗಳ ಮೇಲೆ ಇಲಾಖೆಯ ಮುದ್ರೆ ಇರುತ್ತದೆ. ಒಂದು ಮನೆಗೆ ಬೇಕಾದಷ್ಟು ಮರಕ್ಕೆ ಅಲ್ಲಿಗೆ ಹೋಗುವವರು ವಿರಳ. ಆದರೆ ಅಂಗಡಿಯವರು ಅಲ್ಲಿಂದ ತಂದಿದ್ದೇವೆ ಎಂದರೆ ಆ ಕಾಗದ ತೋರಿಸಿ ಎನ್ನುವ ಹಕ್ಕು ನಿಮಗಿದೆ. ಬಿಲ್ಲಿನಲ್ಲಿ ಮರದ ಜಾತಿ ಬರೆಸಿ. ‘ಜಂಗ್ಲಿ ಮರ’ ಎಂಬ ಬಿಲ್ಲು ಬಿಲ್ಲಲ್ಲ. ಅನುಮಾನ ಬಂದರೆ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಶುಲ್ಕ ಪಡೆದು ತುಂಡು ನೋಡಿ ಜಾತಿ ಗುರುತಿಸಿ ಕೊಡುತ್ತಾರೆ. ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮಲ್ಲೇಶ್ವರದ ಅಂಚಿನಲ್ಲಿ ಇಳಿಯಬಹುದು. ಇಷ್ಟು ಹತ್ತಿರ ಇಂಥ ಸಂಸ್ಥೆ ಇಟ್ಟುಕೊಂಡು ನಾವು ಅಂಗಡಿಯವರ ಬಾಯಿಮಾತನ್ನು ನಂಬುತ್ತೇವೆ.

ಅಳತೆಯಲ್ಲೂ ಎಚ್ಚರ ಬೇಕು. ನಾಲ್ಕಿಂಚು–ಮೂರಿಂಚು ಎಂದು ಹಣ ಕೊಟ್ಟ ಮರ ರಂದಾ ಹೊಡೆದ ಮೇಲೆ ಎರಡೂ ಕಡೆ ಕಾಲಿಂಚು ಕಮ್ಮಿಯಾಗುತ್ತದೆ. ರೇಟು ರಂದಾಗೆ ಮುಂಚಿನ ಅಳತೆಗೋ ನಂತರದ್ದಕ್ಕೋ ಎಂದು ಮೊದಲೇ ಕೇಳಿ. ಇನ್ನು ತೇವ. ಬೆಂಗಳೂರಿನ ಹವೆಗೆ ಸುಮಾರು ಶೇ 12ರ ಆಸುಪಾಸು ತೇವ ಉಳಿದ ಮರ ನೆಮ್ಮದಿ. ಗಾಳಿಗೆ ಒಣಗಿಸುವುದಾದರೆ ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳಬರ ಲೆಕ್ಕ. ಈಗ ಯಾರಿಗೂ ಅಷ್ಟು ಪುರುಸೊತ್ತಿಲ್ಲ, ಬಿಸಿಗಾಳಿಯ ಕೋಣೆಯಲ್ಲಿ ಒಣಗಿಸಿದ್ದು ಸಿಗುತ್ತದೆ. ಆನ್‌ಲೈನಿನಲ್ಲಿ ಸಿಗುವ ತೇವ ಅಳೆಯುವ ಪುಟ್ಟ ಮೀಟರ್‌ ಒಂದು ಜೇಬಿನಲ್ಲಿದ್ದರೆ ಅಂಗಡಿಯವರ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಹಸಿ ಮರದ ಕದ ಮೊದಲ ಬೇಸಗೆಯಲ್ಲೇ ಕುಗ್ಗಿ ಸಂದು ಬಿಡುತ್ತದೆ. ಹಳೆ ಮನೆಯ ಮರ ಗೆಲ್ಲುವುದು ಇಲ್ಲಿಯೂ: ಐವತ್ತು ಮಳೆಗಾಲ ಕಂಡ ಅದು ಆಡುವಷ್ಟು ಆಡಿ ಮುಗಿಸಿದೆ.

ಪ್ಲೈವುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡುಗೆಮನೆಯ ಸಿಂಕ್‌ ಕೆಳಗೆ, ನೀರು ಸಿಡಿಯುವಲ್ಲಿ ಐಎಸ್‌ 710 ಗುರುತಿನದು. ಒಣ ಕೋಣೆಯ ಕಪಾಟಿಗೆ ಐಎಸ್‌ 303 ಸಾಕು. ಮುದ್ರೆಯ ಕೆಳಗಿನ ಲೈಸೆನ್ಸ್‌ ನಂಬರನ್ನು ‘ಬಿಐಎಸ್‌ ಕೇರ್‌’ ಆ್ಯಪಿನಲ್ಲಿ ಹಾಕಿ ನಿಜವೋ ಅಲ್ಲವೋ ನೋಡಬಹುದು. ಮರದ ಪುಡಿ ಅಂಟಿಸಿ ಮಾಡಿದ ಪಾರ್ಟಿಕಲ್‌ ಬೋರ್ಡಿನ ಗತಿ ಏನಾಗುತ್ತದೆಂದು ತಿಳಿಯಲು ಬಿಟಿಎಂ ಲೇಔಟಿನ ಹಳೆಯ ಪಿಜಿಯೊಂದರ ಕಪಾಟಿನ ತಳ ನೋಡಿದರೆ ಆಯಿತು. ಡಬ್ಲ್ಯುಪಿಸಿ (ವುಡ್‌ ಪ್ಲಾಸ್ಟಿಕ್‌ ಕಾಂಪೊಸಿಟ್‌) ಎಂದು ಮಾರುವುದು ಬಹುಪಾಲು ಪ್ಲಾಸ್ಟಿಕ್ಕು. ಬಚ್ಚಲಿಗೆ ಅದು ನಡೆಯುತ್ತದೆ. ನನ್ನನ್ನು ಕೇಳಿದರೆ ಬಚ್ಚಲಿನ ಚೌಕಟ್ಟಿಗೆ ಗ್ರಾನೈಟ್‌ ಕಲ್ಲೇ ವಾಸಿ. ಮರವನ್ನು ಎಲ್ಲಿ ಹಾಕಬಾರದು ಎಂದು ತಿಳಿದಿರುವುದೂ ಮರ ಉಳಿಸುವ ದಾರಿಯೇ.

ನೀರಿನ ಜತೆ ಒಪ್ಪಂದ

ಕೆ.ಆರ್‌. ಮಾರುಕಟ್ಟೆಯ ಹತ್ತಿರದ ಟಿಪ್ಪು ಅರಮನೆ ಪೂರ್ಣವಾದದ್ದು 1791ರಲ್ಲಿ. ಅದರ ತೇಗದ ಕಂಬಗಳು ಇಂದಿಗೂ ಸೂರು ಹೊತ್ತು ನಿಂತಿವೆ. ಒಮ್ಮೆ ಹೋಗಿ ಕಂಬದ ಬುಡ ನೋಡಿ: ಮರ ನೆಲ ಮುಟ್ಟಿಲ್ಲ, ಕಲ್ಲಿನ ಪೀಠದ ಮೇಲೆ ಕೂತಿದೆ. ಮೇಲೆ ಸೂರು ಹೊರಚಾಚಿದೆ. ಇನ್ನೂರಮೂವತ್ತು ವರ್ಷ ಬಾಳಿದ್ದರ ಗುಟ್ಟು ಬಹುಮಟ್ಟಿಗೆ ಇಷ್ಟೇ, ಬುಡಕ್ಕೆ ಕಲ್ಲು ಮತ್ತು ನೆತ್ತಿಗೆ ನೆರಳು.

ಜಯನಗರದ ಹಳೆ ಕಿಟಕಿಗಳು ಉಳಿದಿದ್ದೂ ಮೇಲಿನ ಎರಡಡಿ ಸಜ್ಜಾದಿಂದ. ಈಗಿನ ಪೆಟ್ಟಿಗೆಯಂಥ ಎಲಿವೇಷನ್ನುಗಳಲ್ಲಿ ಸಜ್ಜಾ ಮಾಯ. ಗೋಡೆ ನುಣ್ಣಗೆ ಕಾಣಬೇಕು ಎನ್ನುವ ಈ ಫ್ಯಾಷನ್‌ ಬಂದ ಮೇಲೆ ಮರದ ಕಿಟಕಿ ‘ಬಾಳಿಕೆ ಬರುವುದಿಲ್ಲ’ ಎಂಬ ದೂರು ಹೆಚ್ಚಿತು, ಪ್ಲಾಸ್ಟಿಕ್ಕಿನ ಯುಪಿವಿಸಿ ಕಿಟಕಿಗಳ ವ್ಯಾಪಾರ ಕುದುರಿತು. ಸಜ್ಜಾ ಬೇಡ ಎನ್ನುವವರು ಹೊರಗೋಡೆಗೆ ಮರದ ಕಿಟಕಿ ಹಾಕಬೇಡಿ. ಪಡುವಣ ಗೋಡೆಗಂತೂ ಖಂಡಿತ ಬೇಡ. ಅಲ್ಲಿ ಸಂಜೆ ಬಿಸಿಲು ಪಾಲಿಶ್‌ ಸುಲಿಯುತ್ತದೆ, ಸುಲಿದ ಜಾಗಕ್ಕೆ ಮೇ ತಿಂಗಳ ಮತ್ತು ಸೆಪ್ಟೆಂಬರ್‌–ಅಕ್ಟೋಬರಿನ ಮಳೆ ನುಗ್ಗುತ್ತದೆ.

ಇನ್ನೊಂದು ಅಪಾಯ ಕಟ್ಟುವಾಗಲೇ ಇದೆ. ಬೆಂಗಳೂರಿನಲ್ಲಿ ವಾಸ್ಕಲ್ಲು ಪೂಜೆ ಮಾಡಿ ಮುಂಬಾಗಿಲ ಚೌಕಟ್ಟು ಮೊದಲೇ ನಿಲ್ಲಿಸುತ್ತೇವೆ. ಆಮೇಲೆ ಗೋಡೆ, ಗಾರೆ, ಕ್ಯೂರಿಂಗ್‌. ದಿನಕ್ಕೆರಡು ಹೊತ್ತು ಪೈಪಿನ ನೀರು ಆ ಮರದ ಮೇಲೆ ಬೀಳುತ್ತದೆ, ಸಿಮೆಂಟಿನ ಕಲೆ ಒಳಕ್ಕಿಳಿಯುತ್ತದೆ. ಪೂಜೆ ಆಗಲಿ, ಯಾರೂ ಬೇಡವೆನ್ನುವುದಿಲ್ಲ. ಚೌಕಟ್ಟು ತರುವ ಮೊದಲೇ ಒಂದು ಕೋಟು ಎಣ್ಣೆ ಅಥವಾ ಸೀಲರ್‌ ಹೊಡೆಸಿ, ಗೋಡೆಗೆ ತಾಗುವ ಬೆನ್ನಿಗೆ ಟಾರಿನ ಬಣ್ಣ ಬಳಿಸಿ, ಅರಿಶಿನ ಕುಂಕುಮ ಇಟ್ಟಾದ ಮೇಲೆ ದಪ್ಪ ಪ್ಲಾಸ್ಟಿಕ್‌ ಸುತ್ತಿಸಿ. ಹೊಸ್ತಿಲ ಕೆಳಗೆ ಗ್ರಾನೈಟಿನ ಒಂದು ಪಟ್ಟಿ ಹಾಸಿದರೆ ನೆಲ ತೊಳೆದ ನೀರು ಮರಕ್ಕೆ ಏರದು. ಉಳಿದ ಚೌಕಟ್ಟುಗಳನ್ನು ಗಾರೆ ಮುಗಿದ ಮೇಲೆ ಕೂರಿಸಬಹುದು.

ಗೆದ್ದಲಿನ ಔಷಧ ಪಾಯದ ಹಂತದಲ್ಲೇ ಮಣ್ಣಿಗೆ ಹೋಗಬೇಕು, ಅದಕ್ಕೆ ಐಎಸ್‌ 6313 ಎಂಬ ಮಾನದಂಡವಿದೆ. ಮನೆಯೊಳಗಿನ ಮರಕ್ಕೆ ಬೋರಿಕ್‌ ಆಮ್ಲ ಮತ್ತು ಬಿಳಿಗಾರದ ದ್ರಾವಣವನ್ನು ಎರಡು ಮೂರು ಸಲ ಬಳಿದು ಒಣಗಿಸಿದರೆ ಕೊರಕ ಹುಳುವಿನ ಕಾಟ ತಗ್ಗುತ್ತದೆ. ಇದು ಮನುಷ್ಯರಿಗೆ ಹೆಚ್ಚು ಅಪಾಯವಿಲ್ಲದ ಉಪಾಯ. ಆದರೆ ನೀರಿಗೆ ತೊಳೆದುಹೋಗುವುದರಿಂದ ಹೊರಗಿನ ಮರಕ್ಕೆ ಉಪಯೋಗವಿಲ್ಲ. ಹೊರಗಿನ ಮರಕ್ಕೆ ದಪ್ಪ ವಾರ್ನಿಷ್‌ಗಿಂತ ಅಗಸೆ ಎಣ್ಣೆ ಒಳ್ಳೆಯದು. ವಾರ್ನಿಷ್‌ ಸುಲಿದರೆ ಪೂರ್ತಿ ಉಜ್ಜಿ ಮತ್ತೆ ಹೊಡೆಯಬೇಕು. ಎಣ್ಣೆಯನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಬಟ್ಟೆಯಲ್ಲಿ ಅದ್ದಿ ಒರೆಸಿದರೆ ಮುಗಿಯಿತು. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಹರಡಿ ಒಣಗಿಸಿ.

ಮನೆ ಒಡೆಯಲು ಮನಸ್ಸಿಲ್ಲ, ಮೇಲೊಂದು ಕೋಣೆ ಮಾತ್ರ ಬೇಕು ಎನ್ನುವವರೂ ಬನಶಂಕರಿ, ಜಯನಗರದಲ್ಲಿ ಬೇಕಾದಷ್ಟಿದ್ದಾರೆ. ಅಲ್ಲಿ ಮರದ ನಿಜವಾದ ಲಾಭ ಹಗುರತನ. ಐದಿಂಚಿನ ಕಾಂಕ್ರೀಟ್‌ ಚಪ್ಪಡಿ ಚದರ ಅಡಿಗೆ ಸುಮಾರು 30 ಕೆ.ಜಿ. ತೂಗುತ್ತದೆ, ತೊಲೆ ಮತ್ತು ಹಲಗೆಯ ಅಟ್ಟ ಅದರ ಕಾಲು ಭಾಗವೂ ತೂಗದು. ಪಿಲ್ಲರ್‌ ಇಲ್ಲದ, ಗೋಡೆಯೇ ಭಾರ ಹೊರುವ ಹಳೆ ಮನೆಗೆ ಇದು ದೊಡ್ಡ ವ್ಯತ್ಯಾಸ. ನಾರ್ವೆಯಲ್ಲಿ 2019ರಲ್ಲಿ 85 ಮೀಟರಿನ ಮರದ ಕಟ್ಟಡವನ್ನೇ ಎಬ್ಬಿಸಿದ್ದಾರೆ. ನಮ್ಮದೇ ಊರಿನ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನ ಒಳಛಾವಣಿಯನ್ನು ಬಿದಿರಿನಿಂದ ಹೊದಿಸಿದ್ದಾರೆ. ಒಂದು ತಾರಸಿ ಕೋಣೆ ಅಸಾಧ್ಯವೇನಲ್ಲ. ಸೂರಿಗೆ ಬಿದಿರಿನ ಚಾಪೆಯಿಂದ ಮಾಡಿದ ಅಲೆಯಾಕಾರದ ಶೀಟುಗಳೂ ಇವೆ. ಆ ತಂತ್ರಜ್ಞಾನ ರೂಪುಗೊಂಡದ್ದು ತುಮಕೂರು ರಸ್ತೆಯ ಪ್ಲೈವುಡ್‌ ಸಂಶೋಧನಾ ಸಂಸ್ಥೆಯಲ್ಲಿ. ತಗಡಿನ ಶೀಟಿನ ಕೆಳಗೆ ಏಪ್ರಿಲ್‌ ಮಧ್ಯಾಹ್ನ ಕೂತವರಿಗೆ ಬಿದಿರಿನ ಶೀಟಿನ ತಂಪು ಬೇರೆ ಹೇಳಬೇಕಿಲ್ಲ. ಆದರೆ ಮೊದಲು ಸ್ಟ್ರಕ್ಚರಲ್‌ ಎಂಜಿನಿಯರ್‌ ಒಬ್ಬರಿಂದ ಕೆಳಗಿನ ಗೋಡೆ, ಚಪ್ಪಡಿಗಳ ಪರೀಕ್ಷೆ ಮಾಡಿಸಿ, ಪಾಲಿಕೆಯಿಂದ ಪ್ಲಾನ್‌ ಮಂಜೂರು ಮಾಡಿಸಿಕೊಳ್ಳಿ. ಮರದ್ದಾದರೂ ಅಂತಸ್ತು ಅಂತಸ್ತೇ.

ಕಾಂಪೌಂಡಿನೊಳಗೆ ಹಲಸೋ ಮಾವೋ ಇದ್ದು, ಅದೇ ಕಟ್ಟಡಕ್ಕೆ ಅಡ್ಡ ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಒಂದು ಮರ ತಾನೇ ಎಂದು ಭಾನುವಾರ ಬೆಳಿಗ್ಗೆ ಕಡಿಸಬೇಡಿ. ಅನುಮತಿ ಸಿಕ್ಕಿ ಕಡಿಸಿದರೆ ಆ ಕಾಗದದ ಪ್ರತಿಯನ್ನು ಜೋಪಾನವಾಗಿಡಿ; ದಿಮ್ಮಿಯನ್ನು ಸಾ ಮಿಲ್ಲಿಗೆ ಸಾಗಿಸುವಾಗ ಅದನ್ನು ಕೇಳುತ್ತಾರೆ. ಕೊಯ್ಯಿಸಿದ ಹಲಗೆಗಳ ಎರಡು ತುದಿಗೂ ಅದೇ ದಿನ ಬಣ್ಣವೋ ಮೇಣವೋ ಬಳಿಸಿ. ತುದಿಯಿಂದ ಬೇಗ ಒಣಗಿದರೆ ಹಲಗೆ ಸೀಳು ಬಿಡುತ್ತದೆ.